ಬೆಲೆ ಊಹಿಸುವ ಆಟ, ಬಿಲ್ ಕಟ್ಟುವ ಲೆಕ್ಕ

ಇವತ್ತಿನ ಸಂಚಿಕೆಗೆ ಸಾಧ್ಯವಾದರೆ ಒಂದು ಪೆನ್ನು, ಒಂದು ಚೂರು ಕಾಗದ ಇಟ್ಕೊಳ್ಳಿ. ಕೊನೆಯಲ್ಲಿ ನಾಲ್ಕು ಲೆಕ್ಕ ಕೊಡ್ತೀವಿ. ಕ್ಯಾಲ್ಕುಲೇಟರ್ ಬೇಡ.

ಇವತ್ತಿನ ವಿಷಯ ಬೆಲೆ. ವಸ್ತುವಿನ ಬೆಲೆಯನ್ನು ನಮ್ಮ ಮೆದುಳು ಹೇಗೆ ಊಹಿಸುತ್ತೆ, ಆ ಊಹೆ ಎಲ್ಲಿ ಜಾರುತ್ತೆ, ಡಿಸ್ಕೌಂಟ್ ಬೋರ್ಡ್ ನೋಡಿದಾಗ ಕೊನೆಗೆ ಕೊಡಬೇಕಾದ ಹಣ ಎಷ್ಟು ಅಂತ ಲೆಕ್ಕ ಹಾಕೋದು ಹೇಗೆ. ಜೀವವಿಜ್ಞಾನದವರಿಗೆ ಇದೆಲ್ಲ ಯಾಕೆ ಬೇಕು ಅಂತ ನೀವು ಕೇಳಬಹುದು. ಬೇಕಾಯಿತು. ನಮ್ಮಿಂದಲೇ ಒಂದು ತಪ್ಪಾಯಿತು, ಅದಕ್ಕೆ.

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಒಂದು ಸಂಜೆ

ಅಬುಧಾಬಿಯಲ್ಲಿ ಎಲೆಕ್ಟ್ರಾ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ. ಸರಕಾರಿ ಹೆಸರು ಜಾಯೆದ್ ದ ಫಸ್ಟ್ ಸ್ಟ್ರೀಟ್. ಆದರೆ ಟ್ಯಾಕ್ಸಿಯವರಿಂದ ಹಿಡಿದು ನಮ್ಮೂರಿನವರ ತನಕ ಎಲ್ಲರೂ ಎಲೆಕ್ಟ್ರಾ ಅಂತಲೇ ಅನ್ನೋದು. ಮೊಬೈಲ್ ಅಂಗಡಿ, ಎಲೆಕ್ಟ್ರಾನಿಕ್ಸ್ ಅಂಗಡಿ, ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್, ಚಹಾ ಸಿಗುವ ಕೆಫೆಟೇರಿಯಾ. ಕರಾವಳಿ ಕಡೆಯವರು ರಜೆಗೆ ಊರಿಗೆ ಹೊರಡುವ ಮುಂಚೆ ಒಮ್ಮೆಯಾದರೂ ಇಲ್ಲಿ ಸುತ್ತು ಹಾಕ್ತಾರೆ.

ನಾವೂ ಹಾಗೇ ಸುತ್ತು ಹಾಕ್ತಿದ್ದ ಒಂದು ಸಂಜೆ, ಪರಿಚಯದ ಒಬ್ಬರು ಸಿಕ್ಕಿದರು. ಕುಂದಾಪುರ ಕಡೆಯವರು, ಮುಸ್ಸಫದ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ತಂಗಿಯ ಮದುವೆ, ನಾಲ್ಕು ದಿನದಲ್ಲಿ ವಿಮಾನ. ಭಾವನಾಗುವವನಿಗೆ ಒಂದು ವಾಚು ನೋಡಿಟ್ಟಿದ್ದರು. ಚೀಟಿಯಲ್ಲಿ 1,500 ದಿರ್ಹಂ. ಮೇಲೆ ಕೆಂಪು ಬೋರ್ಡು: 50%, ಅದರ ಮೇಲೆ ಮತ್ತೆ 20%.

ನಮಗೆ ಪಿಎಚ್‌ಡಿ ಇದೆ ಅಂತ ಅವರು ನಮ್ಮನ್ನು "ಡಾಕ್ಟ್ರೇ" ಅಂತ ಕರೀತಾರೆ. "ಡಾಕ್ಟ್ರೇ, ಎಷ್ಟಾಯ್ತು ಮಾರಾಯ್ರೆ ಇದು?" ಅಂದರು. ನಾವು ಫೋನ್ ನೋಡ್ತಾ ಇದ್ದವರು, ತಲೆ ಎತ್ತದೆ ಹೇಳಿದೆವು: "ಎಪ್ಪತ್ತು ಪರ್ಸೆಂಟ್ ಹೋಯ್ತಲ್ಲ, 450 ಆಗತ್ತೆ."

ಅವರ ಹತ್ತಿರ ವಾಚಿಗೆ ಅಂತ ಎತ್ತಿಟ್ಟದ್ದು 475. ಖುಷಿಯಿಂದ ಸಾಲಿನಲ್ಲಿ ನಿಂತರು. ಕೌಂಟರಿನಲ್ಲಿ ಬಂದದ್ದು 600. ಹಿಂದೆ ಆರೇಳು ಜನ. ಅವರು ಜೇಬು ಮುಟ್ಟಿ ನೋಡಿಕೊಂಡರು, ನಮ್ಮ ಕಡೆ ನೋಡಿದರು, ಆಮೇಲೆ ಕ್ಯಾಷಿಯರಿಗೆ "ಇರ್ಲಿ ಬಿಡಿ" ಅಂದರು. ಕ್ಯಾಷಿಯರಿಗೆ ಕನ್ನಡ ಬರ್ತಿರಲಿಲ್ಲ, ಆದರೂ ಅರ್ಥವಾಯಿತು. ಉಳಿದ 125 ನಾವು ಕೊಡ್ತೀವಿ ಅಂದೆವು. "ಬೇಡ ಡಾಕ್ಟ್ರೇ, ಸಾಲದ ವಾಚು ಮದುವೆಗೆ ಬೇಡ" ಅಂತ ಹೊರಗೆ ನಡೆದರು.

ತಪ್ಪು ಅಂಗಡಿಯದ್ದಲ್ಲ, ಬೋರ್ಡು ಸರಿಯಾಗೇ ಇತ್ತು. ತಪ್ಪು ಅವರದ್ದೂ ಅಲ್ಲ. ಲೆಕ್ಕ ನಮ್ಮದು.

ಟಿವಿಯ ಆಟದಿಂದ ಶುರು ಮಾಡೋಣ

ಬೆಲೆ ಊಹಿಸೋದನ್ನೇ ಆಟವಾಗಿ ಮಾಡಿದ ಕಾರ್ಯಕ್ರಮ ಅಮೆರಿಕದ 'ದ ಪ್ರೈಸ್ ಈಸ್ ರೈಟ್'. ಮೊದಲು ಶುರುವಾದದ್ದು 1956ರಲ್ಲಿ. ಈಗಿನ ರೂಪ 1972ರಿಂದ ನಡೀತಿದೆ. 2007ರ ತನಕ ಬಾಬ್ ಬಾರ್ಕರ್ ನಡೆಸಿಕೊಟ್ಟರು, ಆಮೇಲೆ ಡ್ರೂ ಕ್ಯಾರಿ. ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಕನ್ನಡದ ಕೋಟ್ಯಧಿಪತಿ' ನೋಡಿದವರಿಗೆ ಪ್ರಶ್ನೆ, ನಾಲ್ಕು ಆಯ್ಕೆ, ಒಂದು ಸರಿಯುತ್ತರದ ಆಟ ಗೊತ್ತು. ಇದು ಬೇರೆ. ಇಲ್ಲಿ ಆಯ್ಕೆ ಕೊಡೋದಿಲ್ಲ. ಒಂದು ವಸ್ತು ತೋರಿಸ್ತಾರೆ, ನಾಲ್ಕು ಜನ ಒಬ್ಬರಾದ ಮೇಲೆ ಒಬ್ಬರು ಬೆಲೆ ಹೇಳಬೇಕು. ನಿಜವಾದ ಬೆಲೆಗೆ ಹತ್ತಿರ ಇದ್ದವರು ಗೆಲ್ತಾರೆ, ಆದರೆ ಒಂದು ಷರತ್ತು: ನಿಜವಾದ ಬೆಲೆಯನ್ನು ದಾಟಬಾರದು.

ಈ ಷರತ್ತು ಚಿಕ್ಕದಾಗಿ ಕಾಣುತ್ತೆ, ಆದರೆ ಆಟವನ್ನೇ ಬದಲಿಸಿಬಿಡುತ್ತೆ. ಆ ಘಟನೆಯಾದ ಮೇಲೆ ಒಂದು ಶನಿವಾರ ಎಲೆಕ್ಟ್ರಾದ ಗೆಳೆಯರ ಮನೆಯಲ್ಲಿ ನಾವು ಇದನ್ನು ಆಡಿ ನೋಡಿದೆವು. ಒಂದು ಪ್ರೆಶರ್ ಕುಕ್ಕರ್, ಬೆಲೆ 179 ದಿರ್ಹಂ. ಒಂಬತ್ತು ಜನ ಚೀಟಿಯಲ್ಲಿ ಬರೆದ ಊಹೆಗಳು ಇವು: 95, 120, 140, 150, 175, 180, 199, 250, 450. ಕೊನೆಯದು ಅಡುಗೆಮನೆಗೆ ಕಾಲಿಡದ ಒಬ್ಬ ಹುಡುಗನದ್ದು.

ಯಾರು ಗೆದ್ದರು? 180 ಬರೆದ ಅಕ್ಕನ ತಪ್ಪು ಬರೀ 1 ದಿರ್ಹಂ. ಆದರೆ ಅವರು ಬೆಲೆಯನ್ನು ದಾಟಿದ್ದರಿಂದ ಔಟ್. 4 ದಿರ್ಹಂ ತಪ್ಪಿದ 175 ಗೆದ್ದಿತು. ಅಕ್ಕ ಆ ಸಂಜೆಯಿಡೀ ಇದನ್ನು ಒಪ್ಪಲಿಲ್ಲ. ಅವರ ವಾದದಲ್ಲಿ ನ್ಯಾಯ ಇದೆ. ಆದರೆ ನಿಯಮ ಹಾಗಿದ್ದಾಗ ಒಳ್ಳೆಯ ಆಟಗಾರ ತನಗೆ ಅನ್ನಿಸಿದ್ದಕ್ಕಿಂತ ಸ್ವಲ್ಪ ಕೆಳಗೇ ಹೇಳಬೇಕು.

ಇನ್ನೊಂದು ವಿಷಯ. ಟಿವಿಯಲ್ಲಿ ಎಲ್ಲರೂ ಜೋರಾಗಿ ಹೇಳ್ತಾರೆ, ಹಾಗಾಗಿ ಕೊನೆಯವರಿಗೆ ಅನುಕೂಲ. ಮೊದಲ ಮೂವರು 150, 175, 199 ಅಂದಿದ್ದಾರೆ ಅಂದುಕೊಳ್ಳಿ. ನಿಮಗೆ ಬೆಲೆ 185 ಇರಬಹುದು ಅನ್ನಿಸ್ತಿದೆ. 185 ಅಂದರೆ, ಬೆಲೆ 185ರಿಂದ 198ರ ಒಳಗಿದ್ದರೆ ಮಾತ್ರ ಗೆಲುವು. ಅದರ ಬದಲು 176 ಅಂದರೆ? 176ರಿಂದ 198ರ ತನಕ ಎಲ್ಲ ನಿಮ್ಮದೇ. ಏನೂ ಕಳಕೊಳ್ಳದೆ ಜಾಗ ಹೆಚ್ಚಾಯಿತು. ಅಂದರೆ ಕೊನೆಯವರು ಯಾರಾದರೂ ಒಬ್ಬರ ಊಹೆಗಿಂತ ಒಂದು ಹೆಚ್ಚು ಹೇಳಬೇಕು, ಇಲ್ಲವೇ ಎಲ್ಲರೂ ದಾಟಿದ್ದಾರೆ ಅನ್ನಿಸಿದರೆ ಬರೀ 1 ಅನ್ನಬೇಕು. 1996ರಲ್ಲಿ ಜೊನಾಥನ್ ಬರ್ಕ್, ಎರಿಕ್ ಹ್ಯೂಸನ್, ಕರ್ಕ್ ವಾಂಡೆಜಾಂಡೆ ಎಂಬ ಮೂವರು 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಇದೇ ಕಾರ್ಯಕ್ರಮದ ಆಟಗಳನ್ನು ಅಧ್ಯಯನ ಮಾಡಿ ಬರೆದರು. ಇಷ್ಟು ಸುಲಭದ ಉಪಾಯವನ್ನೂ ಕೊನೆಯ ಸ್ಥಾನದ ಆಟಗಾರರು ಎಷ್ಟೋ ಸಲ ಬಳಸ್ತಿರಲಿಲ್ಲ. ಎಲ್ಲರೆದುರು ನಿಂತಾಗ ಲೆಕ್ಕ ಹೊಳೆಯೋದು ಕಷ್ಟ. ಕೌಂಟರ್ ಮುಂದೆ ನಿಂತವರಿಗೂ ಅಷ್ಟೇ.

ಅದೇ ಕಾರ್ಯಕ್ರಮದಲ್ಲಿ 2008ರಲ್ಲಿ ಟೆರ್ರಿ ನೀಸ್ ಎಂಬವರು ಕೊನೆಯ ಸುತ್ತಿನ ಬಹುಮಾನಗಳ ಒಟ್ಟು ಬೆಲೆ 23,743 ಡಾಲರ್ ಅಂದರು. ನಿಜವಾದ ಬೆಲೆಯೂ 23,743. ಒಂದು ಡಾಲರೂ ಆಚೀಚೆ ಇಲ್ಲ. ಮೋಸ ಇರಬಹುದು ಅಂತ ಕಾರ್ಯಕ್ರಮದವರೇ ಗಾಬರಿಯಾದರು. ನೀಸ್ ಮೊದಲು ಟಿವಿಯಲ್ಲಿ ಹವಾಮಾನ ಹೇಳ್ತಿದ್ದವರು. ಅವರೂ ಅವರ ಹೆಂಡತಿಯೂ ತಿಂಗಳುಗಟ್ಟಲೆ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ನೋಡಿ, ಅದೇ ವಸ್ತುಗಳು ಮತ್ತೆ ಮತ್ತೆ ಬರ್ತವೆ ಅಂತ ಗಮನಿಸಿ ಬೆಲೆಗಳನ್ನು ನೆನಪಿಟ್ಟುಕೊಂಡಿದ್ದರು. ಕೊನೆಯ ಮೂರು ಅಂಕೆಯಲ್ಲಿ ಅದೃಷ್ಟವೂ ಇತ್ತು. ಆದರೆ ಇಪ್ಪತ್ಮೂರು ಸಾವಿರದ ಹತ್ತಿರ ಬಂದು ನಿಂತದ್ದು ಅಭ್ಯಾಸದಿಂದ.

ಮೆದುಳು ಬೆಲೆಯನ್ನು ಹೇಗೆ ಅಳೆಯುತ್ತೆ

ಈಗ ನಮ್ಮ ಕಸುಬಿನ ಕಡೆಗೆ ಬರೋಣ. 19ನೇ ಶತಮಾನದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್ಸ್ಟ್ ವೇಬರ್ ಎಂಬ ವಿಜ್ಞಾನಿ ಜನರ ಕೈಗೆ ತೂಕ ಕೊಟ್ಟು ಪರೀಕ್ಷೆ ಮಾಡಿದರು. ಕಂಡದ್ದು ಇದು: ಎರಡು ತೂಕದ ವ್ಯತ್ಯಾಸ ನಮಗೆ ತಿಳಿಯೋದು ಅದು ಎಷ್ಟು ಗ್ರಾಂ ಅನ್ನೋದರಿಂದಲ್ಲ, ಒಟ್ಟು ತೂಕದ ಎಷ್ಟನೇ ಭಾಗ ಅನ್ನೋದರಿಂದ. ಖಾಲಿ ಕೈಚೀಲಕ್ಕೆ ಒಂದು ತೆಂಗಿನಕಾಯಿ ಹಾಕಿದರೆ ಗೊತ್ತಾಗುತ್ತೆ. ಅಕ್ಕಿ ಮೂಟೆಗೆ ಅದೇ ತೆಂಗಿನಕಾಯಿ ಸೇರಿಸಿದರೆ ಗೊತ್ತಾಗೋದಿಲ್ಲ.

ಸಂಖ್ಯೆಗೂ ಇದೇ ನಿಯಮ. 2003ರಲ್ಲಿ ಆಂಡ್ರಿಯಾಸ್ ನೀಡರ್ ಮತ್ತು ಅರ್ಲ್ ಮಿಲ್ಲರ್ ಮಂಗಗಳ ಮೆದುಳಿನ ಮುಂಭಾಗದ ನರಕೋಶಗಳನ್ನು ಅಧ್ಯಯನ ಮಾಡಿ, ಎಣಿಕೆಗೆ ಸ್ಪಂದಿಸುವ ಕೋಶಗಳು ಸಂಖ್ಯೆಗಳನ್ನು ಸಮ ಅಂತರದಲ್ಲಲ್ಲ, ಅನುಪಾತದ ಅಳತೆಯಲ್ಲಿ ಜೋಡಿಸಿಕೊಂಡಿರುತ್ತವೆ ಅಂತ ತೋರಿಸಿದರು. 1ಕ್ಕೂ 2ಕ್ಕೂ ಇರುವ ದೂರ ದೊಡ್ಡದು, 21ಕ್ಕೂ 22ಕ್ಕೂ ಇರುವ ದೂರ ತೀರಾ ಸಣ್ಣದು. ಶಾಲೆಯಲ್ಲಿ ಕಲಿತ ಸಂಖ್ಯಾರೇಖೆ ಹಾಗಿರೋದಿಲ್ಲ. ಆದರೆ ಹಸಿದ ಪ್ರಾಣಿಗೆ ಎರಡು ಹಣ್ಣಿನ ಮರವೋ ಒಂದು ಹಣ್ಣಿನ ಮರವೋ ಅನ್ನೋದು ಮುಖ್ಯ. ಇಪ್ಪತ್ತೊಂದೋ ಇಪ್ಪತ್ತೆರಡೋ ಅನ್ನೋದು ಮುಖ್ಯವಲ್ಲ.

ಇದು ಅಂಗಡಿಯಲ್ಲಿ ಹೇಗೆ ಕೆಲಸ ಮಾಡುತ್ತೆ ನೋಡಿ. 1981ರಲ್ಲಿ ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಜನರಿಗೆ ಒಂದು ಪ್ರಶ್ನೆ ಕೇಳಿದರು. ನೀವು 15 ಡಾಲರಿನ ಕ್ಯಾಲ್ಕುಲೇಟರ್ ಕೊಳ್ತಿದ್ದೀರಿ, 20 ನಿಮಿಷ ದೂರದ ಅಂಗಡಿಯಲ್ಲಿ ಅದೇ ವಸ್ತು 5 ಡಾಲರ್ ಕಡಿಮೆಗೆ ಸಿಗುತ್ತೆ, ಹೋಗ್ತೀರಾ? 68% ಜನ ಹೋಗ್ತೀವಿ ಅಂದರು. ಕ್ಯಾಲ್ಕುಲೇಟರಿನ ಬೆಲೆ 125 ಡಾಲರ್ ಅಂತ ಬದಲಿಸಿ ಇನ್ನೊಂದು ಗುಂಪಿಗೆ ಕೇಳಿದಾಗ ಹೋಗ್ತೀವಿ ಅಂದವರು 29%. ಉಳಿಯೋದು ಎರಡೂ ಕಡೆ 5 ಡಾಲರೇ. ನಾವೂ ಹೀಗೇ. 25 ದಿರ್ಹಂನ ಚಾರ್ಜರಿನಲ್ಲಿ 10 ಉಳಿಸೋಕೆ ಬಿಸಿಲಲ್ಲಿ ರಸ್ತೆ ದಾಟ್ತೀವಿ. 2,000 ದಿರ್ಹಂನ ಫೋನಿನಲ್ಲಿ ಅದೇ 10ಕ್ಕೆ ಚೌಕಾಸಿ ಮಾಡೋಕೂ ಬೇಜಾರು. ಊರಿಗೆ ಕಳಿಸುವಾಗ ಎರಡೂ ಹತ್ತು ದಿರ್ಹಂಗೆ ಒಂದೇ ಬೆಲೆ.

ಎರಡನೆಯ ಬಲೆ ಲಂಗರು. ಅದೇ ಇಬ್ಬರು 1974ರಲ್ಲಿ ಮಾಡಿದ ಪ್ರಯೋಗದಲ್ಲಿ ಒಂದು ಚಕ್ರ ತಿರುಗಿಸ್ತಾರೆ. ಅದು 10 ಅಥವಾ 65ರಲ್ಲೇ ನಿಲ್ಲುವ ಹಾಗೆ ಮೊದಲೇ ಮಾಡಿಟ್ಟಿದ್ದು. ಆಮೇಲೆ ಕೇಳ್ತಾರೆ: ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು? ಚಕ್ರಕ್ಕೂ ಆಫ್ರಿಕಾಕ್ಕೂ ಏನೂ ಸಂಬಂಧ ಇಲ್ಲ. ಆದರೂ 10 ನೋಡಿದವರ ಉತ್ತರಗಳ ನಡುಬಿಂದು 25, 65 ನೋಡಿದವರದ್ದು 45. ಕಣ್ಣಿಗೆ ಮೊದಲು ಬಿದ್ದ ಸಂಖ್ಯೆ ದೋಣಿಯ ಲಂಗರಿನ ಹಾಗೆ ಹಿಡಿದಿಡುತ್ತೆ. ಚೀಟಿಯಲ್ಲಿ ಗೀಟು ಹಾಕಿದ ಹಳೇ ಬೆಲೆಯ ಕೆಲಸ ಇದೇ. 1,500 ಕಂಡ ಕಣ್ಣಿಗೆ 600 ಅಗ್ಗ. ಆ 1,500 ಕಾಣದೇ ಇದ್ದಿದ್ದರೆ 600 ಕೊಡ್ತಿದ್ದೆವಾ ಅನ್ನೋದು ಕೇಳಬೇಕಾದ ಪ್ರಶ್ನೆ.

ಮೂರನೆಯದು ಪರದೇಶದಲ್ಲಿರುವವರಿಗೆ ಮಾತ್ರ. ಪ್ರಿಯಾ ರಘುಬೀರ್ ಮತ್ತು ಜಾಯ್‌ದೀಪ್ ಶ್ರೀವಾಸ್ತವ 2002ರಲ್ಲಿ ತೋರಿಸಿದ್ದು: ವಿದೇಶಿ ಹಣದಲ್ಲಿ ಬೆಲೆಯ ಅಂಕಿ ನಮ್ಮ ಹಣದ ಅಂಕಿಗಿಂತ ಚಿಕ್ಕದಾಗಿ ಕಂಡರೆ ನಾವು ಹೆಚ್ಚು ಖರ್ಚು ಮಾಡ್ತೀವಿ, ದೊಡ್ಡದಾಗಿ ಕಂಡರೆ ಕಡಿಮೆ. ರೂಪಾಯಿಯಲ್ಲಿ ಬೆಳೆದವರಿಗೆ ದಿರ್ಹಂನ ಅಂಕಿ ಯಾವಾಗಲೂ ಚಿಕ್ಕದು. "ಬರೀ 60 ಅಲ್ವಾ" ಅಂದುಬಿಡ್ತೀವಿ. ಅದರ ಮೇಲೆ, ಊರಿನಲ್ಲಿ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಅಚ್ಚಾಗಿರುತ್ತೆ. ಇಲ್ಲಿ ಅಂಥ ಪದ್ಧತಿ ಇಲ್ಲ. ಹಾಗಾಗಿ ಇಲ್ಲಿಗೆ ಬಂದವರು ಬೆಲೆಯ ಅಂದಾಜನ್ನು ಹೊಸದಾಗಿ ಕಲೀಬೇಕು.

ಸಮಾಧಾನದ ಸುದ್ದಿಯೂ ಇದೆ. ಒಬ್ಬರ ಊಹೆ ಜಾರಿದರೂ ಹಲವರ ಊಹೆ ಸೇರಿದರೆ ನೇರವಾಗುತ್ತೆ. 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯ ಒಂದು ಸ್ಪರ್ಧೆಯ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಒಂದು ಎತ್ತನ್ನು ಕಡಿದು ಹಸನು ಮಾಡಿದ ಮೇಲೆ ಮಾಂಸ ಎಷ್ಟು ತೂಗುತ್ತೆ ಅಂತ ಜನ ಚೀಟಿ ಬರೆದಿದ್ದರು. 787 ಚೀಟಿಗಳ ನಡುಬಿಂದು 1,207 ಪೌಂಡ್. ನಿಜವಾದ ತೂಕ 1,198. ಗಾಲ್ಟನ್ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವ ಕೆಟ್ಟ ವಿಚಾರಕ್ಕೂ ಹೆಸರಾದವರು. ಸಾಮಾನ್ಯ ಜನರ ಗುಂಪು ಇಷ್ಟು ಸರಿಯಾಗಿ ಹೇಳಿದ್ದನ್ನು ಅವರ ಕೈಯೇ ಬರೆಯಬೇಕಾಯಿತು. ನಮ್ಮ ಕುಕ್ಕರಿನ ಒಂಬತ್ತು ಚೀಟಿ ನೋಡಿ: ನಡುವಿನದ್ದು 175, ಬೆಲೆ 179. ಸರಾಸರಿ ತೆಗೆದರೆ 195, ಯಾಕಂದ್ರೆ ಆ ಹುಡುಗನ 450 ಮೇಲಕ್ಕೆ ಎಳೆಯುತ್ತೆ. ನಡುಬಿಂದುವಿಗೆ ಒಬ್ಬನ ಅತಿರೇಕ ತಾಗೋದಿಲ್ಲ. ಒಂದು ಆಟದಿಂದ ಏನೂ ಸಾಬೀತಾಗೋದಿಲ್ಲ, ಆದರೆ ದೊಡ್ಡ ಖರೀದಿಗೆ ಮುಂಚೆ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ ನಡುವಿನದ್ದನ್ನು ಹಿಡಿಯೋದು ಒಳ್ಳೆಯ ಅಭ್ಯಾಸ. ಒಬ್ಬರ ಎದುರು ಇನ್ನೊಬ್ಬರನ್ನು ಕೇಳಬೇಡಿ. ಮೊದಲ ಉತ್ತರವೇ ಲಂಗರಾಗುತ್ತೆ.

ಈಗ ಲೆಕ್ಕ

ದುಬೈ ಶಾಪಿಂಗ್ ಫೆಸ್ಟಿವಲ್ 1996ರಿಂದ ಇದೆ, ವೈಟ್ ಫ್ರೈಡೆ 2014ರಿಂದ. ವರ್ಷದ ಯಾವ ತಿಂಗಳಲ್ಲಿ ಹೋದರೂ ಎಲ್ಲೋ ಒಂದು ಸೇಲ್ ಇದ್ದೇ ಇರುತ್ತೆ. ನಾಲ್ಕು ನಿಯಮ ಸಾಕು.

ಒಂದು. ಹೋಗುವ ಭಾಗ ನೋಡಬೇಡಿ, ಉಳಿಯುವ ಭಾಗ ನೋಡಿ. 35% ಡಿಸ್ಕೌಂಟ್ ಅಂದರೆ ಕೊಡೋದು 65%. 349 ದಿರ್ಹಂನ ಶೂ ಇದೆ. 350 ಅಂತ ಇಟ್ಕೊಳ್ಳಿ. 10% ಅಂದರೆ 35. ಆರು ಸಲ 210, ಅರ್ಧ 17.50, ಒಟ್ಟು 227.50. ಸರಿಯಾದ ಉತ್ತರ 226.85. ಬಾಯಿಲೆಕ್ಕಕ್ಕೆ ಇಷ್ಟು ಹತ್ತಿರ ಸಾಕು, ಮತ್ತು ನಮ್ಮ ಅಂದಾಜು ಮೇಲಿದೆ, ಕೆಳಗಿಲ್ಲ. ಅದು ಯಾಕೆ ಮುಖ್ಯ ಅಂತ ಆಮೇಲೆ ಹೇಳ್ತೀವಿ.

ಎರಡು. ಡಿಸ್ಕೌಂಟಿನ ಮೇಲೆ ಡಿಸ್ಕೌಂಟ್ ಇದ್ದರೆ ಕೂಡಿಸಬೇಡಿ, ಗುಣಿಸಿ. 50% ಹೋದರೆ ಉಳಿದದ್ದು ಅರ್ಧ. ಮುಂದಿನ 20% ಹೋಗೋದು ಆ ಅರ್ಧದಿಂದ. 1,500 ಮೊದಲು 750 ಆಯಿತು. 750ರ 20% ಅಂದರೆ 150. ಉಳಿದದ್ದು 600. ಒಟ್ಟು ಡಿಸ್ಕೌಂಟ್ 60%, 70% ಅಲ್ಲ. ಚಿಕ್ಕ ದಾರಿ: ಎರಡನ್ನೂ ಕೂಡಿಸಿ, ಎರಡರ ಗುಣಲಬ್ಧವನ್ನು 100ರಿಂದ ಭಾಗಿಸಿ ಕಳೆಯಿರಿ. 50 ಮತ್ತು 20 ಸೇರಿ 70, ಅದರಿಂದ 10 ಕಳೆದರೆ 60.

ಈ ತಪ್ಪು ಎಲ್ಲರೂ ಮಾಡ್ತಾರೆ. ಹೈಪೆಂಗ್ ಚೆನ್ ಮತ್ತು ಅಕ್ಷಯ್ ರಾವ್ 2007ರಲ್ಲಿ ಇದನ್ನೇ ಅಧ್ಯಯನ ಮಾಡಿದ್ದಾರೆ: ಜನ ಎರಡು ಶೇಕಡಾಗಳನ್ನು ಸುಮ್ಮನೆ ಕೂಡಿಸಿಬಿಡ್ತಾರೆ. ಆದರೆ ನಮಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಲ್ಯಾಬಿನಲ್ಲಿ ನಾವು ದಿನವೂ ದ್ರಾವಣ ತೆಳು ಮಾಡ್ತೀವಿ. ಹತ್ತನೇ ಒಂದು ಭಾಗಕ್ಕೆ ಇಳಿಸಿದ್ದನ್ನು ಮತ್ತೆ ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ನೂರನೇ ಒಂದು ಭಾಗ. ಇಪ್ಪತ್ತನೇ ಒಂದು ಅಂತ ಯಾವ ವಿದ್ಯಾರ್ಥಿಯಾದರೂ ಬರೆದರೆ ಬೈತೀವಿ. ಡಿಸ್ಕೌಂಟಿನ ಮೇಲೆ ಡಿಸ್ಕೌಂಟ್ ಅಂದರೂ ಅದೇ ಲೆಕ್ಕ. ಬಿಳಿ ಕೋಟು ಬಿಚ್ಚಿ ರಸ್ತೆಗೆ ಬಂದ ಕೂಡಲೇ ಮರೆತೆವು.

ಮೂರು. ವ್ಯಾಟ್. ಎಮಿರೇಟ್ಸ್‌ನಲ್ಲಿ 5% ವ್ಯಾಟ್ ಬಂದದ್ದು 2018ರ ಜನವರಿ 1ರಂದು. ಅಂಗಡಿಯಲ್ಲಿ ಗ್ರಾಹಕರಿಗೆ ತೋರಿಸುವ ಬೆಲೆಯಲ್ಲಿ ಅದು ಸೇರಿರಬೇಕು ಅನ್ನೋದು ನಿಯಮ. ಬಿಲ್ಲಿನ ಕೆಳಗೆ ವ್ಯಾಟ್ ಅಂತ ಬೇರೆ ಸಾಲು ಕಂಡರೆ ಅದು ಒಳಗಿರುವುದರ ವಿವರ, ಮೇಲಿನಿಂದ ಹಾಕಿದ್ದಲ್ಲ. ಎಷ್ಟು ಅಂತ ತಿಳೀಬೇಕಾದರೆ 5% ತೆಗೀಬೇಡಿ, 21ರಿಂದ ಭಾಗಿಸಿ. ಯಾಕಂದ್ರೆ ಮೂಲ ಬೆಲೆ 20 ಪಾಲು, ತೆರಿಗೆ 1 ಪಾಲು, ಒಟ್ಟು 21. 210 ದಿರ್ಹಂ ಬಿಲ್ಲಿನಲ್ಲಿ ವ್ಯಾಟ್ 10, ಹತ್ತೂವರೆ ಅಲ್ಲ.

ನಾಲ್ಕು. ಹಿಂದಕ್ಕೆ ಹೋಗುವಾಗ ಗುಣಿಸಬೇಡಿ, ಭಾಗಿಸಿ. 20% ಕಳೆದ ಮೇಲೆ 240 ಆದ ವಸ್ತುವಿನ ಮೂಲ ಬೆಲೆ 300. 240ಕ್ಕೆ 20% ಸೇರಿಸಿ 288 ಅನ್ನೋದು ತಪ್ಪು. ಹಾಗೇ, ಎರಡು ಕೊಂಡರೆ ಒಂದು ಉಚಿತ ಅಂದರೆ ಸುಮಾರು 33%, ಅದೂ ನಿಮಗೆ ಮೂರು ಬೇಕಿದ್ದರೆ ಮಾತ್ರ. ಒಂದೇ ಬೇಕಿದ್ದವರಿಗೆ ಅದು ದುಪ್ಪಟ್ಟು ಖರ್ಚು.

ಟಿವಿ ಬೇರೆ, ಜೇಬು ಬೇರೆ

ಈಗ ಆ ಹಳೆಯ ಷರತ್ತಿಗೆ ವಾಪಸ್ ಬರೋಣ. ಟಿವಿಯಲ್ಲಿ ನಿಜವಾದ ಬೆಲೆಗಿಂತ ಹೆಚ್ಚು ಹೇಳಿದವರು ಸೋಲ್ತಾರೆ. ಕೌಂಟರಿನಲ್ಲಿ ಕಡಿಮೆ ಅಂದುಕೊಂಡವರು ಸೋಲ್ತಾರೆ. 600 ಆಗುತ್ತೆ ಅಂತ ಹೋಗಿ 450 ಆದರೆ ಚಹಾ ಕುಡಿದು ಮನೆಗೆ ಹೋಗಬಹುದು. 450 ಅಂತ ಹೋಗಿ 600 ಆದರೆ ಏನಾಗುತ್ತೆ ಅಂತ ನಾವು ಕಣ್ಣಾರೆ ನೋಡಿದೆವು. ಹಾಗಾಗಿ ಆಟದಲ್ಲಿ ಕೆಳಕ್ಕೆ ಊಹಿಸಿ, ಖರೀದಿಯಲ್ಲಿ ಮೇಲಕ್ಕೆ. ಡಿಸ್ಕೌಂಟನ್ನು ಕಡಿಮೆ ಕಡೆಗೆ ಸರಿಸಿ, ಬೆಲೆಯನ್ನು ಹೆಚ್ಚಿನ ಕಡೆಗೆ. ಇನ್ನೊಬ್ಬರ ಹಣಕ್ಕೆ ಲೆಕ್ಕ ಹೇಳುವಾಗಲಂತೂ ಫೋನ್ ಕೆಳಗಿಟ್ಟು ಹೇಳಿ.

ಆ ಗೆಳೆಯರು ಮದುವೆಗೆ ಬೇರೆ ವಾಚು ತಗೊಂಡು ಹೋದರು. ಯಾವುದು, ಎಷ್ಟು ಅಂತ ನಾವು ಕೇಳಲಿಲ್ಲ. ವಾಪಸ್ ಬಂದ ಮೇಲೆ ಒಂದು ದಿನ ಫೋನ್ ಬಂತು. "ಡಾಕ್ಟ್ರೇ, ಒಂದು ಸೂಟ್‌ಕೇಸ್ ನೋಡಿದ್ದೆ. 400, ಅದಕ್ಕೆ 30 ಹೋಗಿ ಮತ್ತೆ 10. 252 ಅಂತ ನಾನೇ ಹಾಕಿದ್ದೇನೆ. ನೀವು ಹೇಳಬೇಡಿ, ಸರಿಯಾ ಅಂತ ನೋಡಿ ಅಷ್ಟೇ."

ಕಾಗದದ ಮೇಲೆ ಹಾಕಿ ನೋಡಿದೆವು. ಸರಿಯಿತ್ತು.

ಈಗ ನಿಮ್ಮ ಸರದಿ. ಒಂದು: 240 ದಿರ್ಹಂನ ಅಂಗಿಗೆ 40%, ಅದರ ಮೇಲೆ 10%. ಎಷ್ಟು ಕೊಡಬೇಕು? ಎರಡು: 80 ದಿರ್ಹಂನ ಎರಡು ಬೆಡ್‌ಶೀಟ್, ಎರಡನೆಯದಕ್ಕೆ ಅರ್ಧ ಬೆಲೆ. ಒಟ್ಟು ಡಿಸ್ಕೌಂಟ್ ಶೇಕಡಾ ಎಷ್ಟು? ಮೂರು: 20% ಕಳೆದು 96 ದಿರ್ಹಂ ಆದ ಸೀರೆಯ ಮೂಲ ಬೆಲೆ ಎಷ್ಟು? ನಾಲ್ಕು: 420 ದಿರ್ಹಂ ಬಿಲ್ಲಿನೊಳಗೆ ವ್ಯಾಟ್ ಎಷ್ಟು?

ಸ್ವಲ್ಪ ನಿಲ್ಲಿಸಿ, ಹಾಕಿ ನೋಡಿ.

ಆಯ್ತಾ? ಉತ್ತರ: 129.60 ದಿರ್ಹಂ, 25%, 120 ದಿರ್ಹಂ, 20 ದಿರ್ಹಂ. ನಾಲ್ಕೂ ಸರಿಯಾದವರು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಕೊಡಿ. ತಪ್ಪಿದವರು ಬೇಸರ ಮಾಡ್ಕೋಬೇಡಿ, ನಾವೂ ನಿಮ್ಮ ಸಾಲಿನಲ್ಲೇ ನಿಂತವರು.